ಕೇಳದೆ ಒಡೆದ ಗೋಡೆ

ಶರ್ಟು ಹೊಲಿಯುವ ಫ್ಯಾಕ್ಟರಿಯಲ್ಲಿ ಮೂವತ್ತೊಂದು ವರ್ಷ ತಪ್ಪು ಹುಡುಕುವ ಕೆಲಸ ಮಾಡಿದ ಹೆಂಗಸು ಅವರು. ಹೊಲಿದು ಬಂದ ಶರ್ಟನ್ನು ಮೇಜಿನ ಮೇಲೆ ಹರಡಿ, ಕಾಲರಿನ ಎರಡು ತುದಿ ಸಮ ಇವೆಯೇ, ಗುಂಡಿಯ ಹಿಂದೆ ದಾರ ಉಳಿದಿದೆಯೇ, ಜೇಬು ಒಂದು ಎಳೆಯಷ್ಟಾದರೂ ವಾರೆಯಾಗಿದೆಯೇ ಎಂದು ನೋಡಬೇಕು. ಇದ್ದರೆ ಅಲ್ಲೊಂದು ಸ್ಟಿಕ್ಕರ್ ಅಂಟಿಸಿ ವಾಪಸ್ಸು ಕಳಿಸಬೇಕು. ಫ್ಯಾಕ್ಟರಿಯಲ್ಲಿ ಎಲ್ಲರೂ ಅವರನ್ನು ಚೆಕಿಂಗ್ ಅಕ್ಕ ಅನ್ನುತ್ತಿದ್ದರು. ಆ ಹೆಸರು ಗೇಟು ದಾಟಿ ನಮ್ಮ ಬೀದಿಗೂ ಬಂತು. ನಿಮ್ಮೊಡನೆ ಮಾತಾಡುತ್ತಲೇ ನಿಮ್ಮ ಅಂಗಿಯ ಸಡಿಲ ದಾರವನ್ನು ಎಳೆದು ಕಿತ್ತು ಬಿಸಾಡುವ ಅಭ್ಯಾಸ ಅವರಿಗೆ. ಅವರೆದುರು ಹೊಸ ಬಟ್ಟೆ ಹಾಕಿಕೊಂಡು ಹೋಗಲು ಬೀದಿಯ ಹೆಂಗಸರು ಹೆದರುತ್ತಿದ್ದರು. "ಚೆನ್ನಾಗಿದೆ" ಅಂತ ಅವರ ಬಾಯಿಂದ ಹೊರಟ ಮಾತು ಕೇಳಿದವರು ಯಾರೂ ಇಲ್ಲ. "ಪರವಾಗಿಲ್ಲ" ಅಂದರೆ ಅದೇ ದೊಡ್ಡದು.

ಅವರ ಮನೆಯಿಂದ ಐದನೆಯ ಅಂಗಡಿ ನನ್ನದು. ಟೈಪಿಂಗ್, ಜೆರಾಕ್ಸ್, ಲ್ಯಾಮಿನೇಷನ್. ಅದಕ್ಕೇ ಅವರು ನನ್ನನ್ನು ಜೆರಾಕ್ಸಪ್ಪ ಎಂದು ಕರೆಯುತ್ತಾರೆ. ಈಗ ಹೇಳುವ ವಿಷಯದಲ್ಲಿ ನಾನು ಮಾಡಿದ್ದು ಟೈಪು ಮಾತ್ರ. ಹಾಗಂತ ನನಗೆ ನಾನೇ ಹೇಳಿಕೊಳ್ಳುತ್ತಿರುತ್ತೇನೆ.

ಮದುವೆಯಾದ ನಾಲ್ಕನೆಯ ವರ್ಷಕ್ಕೆ ಅಕ್ಕನ ಗಂಡ ತೀರಿಕೊಂಡರು. ಮಕ್ಕಳಿಲ್ಲ. ಅಪ್ಪ ಬಿಟ್ಟು ಹೋದ ಜಾಗ ಅಕ್ಕ ತಮ್ಮ ಇಬ್ಬರ ಹೆಸರಿನಲ್ಲಿತ್ತು. ಮನೆ ಮಾತ್ರ ಪೂರ್ತಿ ಅಕ್ಕನ ದುಡಿಮೆ. ಮೊದಲು ಕೆಳಗಿನ ಮನೆ, ಹನ್ನೆರಡು ವರ್ಷದ ಮೇಲೆ ಮಹಡಿಯ ಮನೆ. ಒಂದು ಹಾಲು, ಒಂದು ರೂಮು, ಅಡುಗೆಮನೆ, ಬಚ್ಚಲು. ಒಂದೊಂದು ಕಿಟಕಿಯನ್ನೂ ಎದುರಿಗೆ ನಿಂತು ಕೂರಿಸಿದ್ದರು. ಮೇಸ್ತ್ರಿ ಇವತ್ತಿಗೂ ಹೇಳುತ್ತಾನೆ: "ಆ ಯಮ್ಮನ ಮನೆ ಕಟ್ಟಿದ ಮೇಲೆ ನನಗೆ ಯಾರ ಹತ್ರ ಕೆಲಸ ಮಾಡೋಕೂ ಭಯ ಇಲ್ಲ."

ತಮ್ಮನದು ಹಳೆಯ ಗಾಡಿಗಳ ದಲ್ಲಾಳಿ ಕೆಲಸ. ನಗುನಗುತ್ತಾ ಮಾತಾಡುವ ಮನುಷ್ಯ. ಮನೆ ಕಟ್ಟುವಾಗ ಒಂದು ದಿನವೂ ಬಂದು ನಿಂತವನಲ್ಲ. ಗೃಹಸಾಲದ ಕಾಗದಕ್ಕೆ ಸಹಿ ಹಾಕಲು ಮಾತ್ರ ಎರಡು ಸಲ ಬಂದಿದ್ದ, ಎರಡು ಸಲವೂ ನನ್ನ ಅಂಗಡಿಯ ಪೆನ್ನು ಒಯ್ದ. ಆದರೂ ಅಕ್ಕನಿಗೆ ಅವನೆಂದರೆ ಪ್ರಾಣ. ಬೇರೆ ಯಾರಿದ್ದರು ಅವರಿಗೆ?

ಮಹಡಿಗೆ ಬಾಡಿಗೆಗೆ ಬಂದವನು ಮೋಟಾರ್ ವೈಂಡಿಂಗ್ ಕೆಲಸದವನು. ಸುಟ್ಟುಹೋದ ನೀರಿನ ಪಂಪು, ಫ್ಯಾನು, ಮಿಕ್ಸರುಗಳ ಒಳಗಿನ ತಾಮ್ರದ ತಂತಿ ಬಿಚ್ಚಿ ಹೊಸದಾಗಿ ಸುತ್ತುವುದು. ಮಾತು ಕಡಿಮೆ, ಕೈ ಸುಮ್ಮನಿರುತ್ತಿರಲಿಲ್ಲ. ಜೊತೆಗೆ ಹೆಂಡತಿ, ಐದು ವರ್ಷದ ಮಗಳು. ಮಗಳನ್ನು ಪುಟ್ಟಿ ಅನ್ನುತ್ತಿದ್ದರು. ಪುಟ್ಟಿಗೆ ಆಗಾಗ ಫಿಟ್ಸ್ ಬರುತ್ತಿತ್ತು. ಬಾಡಿಗೆಗೆ ಬರುವ ಮೊದಲೇ ಅದನ್ನು ಹೇಳಿದ್ದರು. ಕರಾರಿನ ಕಾಗದ ಟೈಪು ಮಾಡಿದವನು ನಾನೇ. ಎಲ್ಲ ಕರಾರುಗಳಲ್ಲೂ ಇರುವ ಒಂದು ಸಾಲು ಅದರಲ್ಲೂ ಇತ್ತು: ಮಾಲೀಕರ ಒಪ್ಪಿಗೆಯಿಲ್ಲದೆ ಮನೆಯಲ್ಲಿ ಯಾವುದೇ ಬದಲಾವಣೆ ಮಾಡತಕ್ಕದ್ದಲ್ಲ. ಆ ಸಾಲನ್ನು ನಾನು ಇದುವರೆಗೆ ಸಾವಿರ ಸಲ ಟೈಪು ಮಾಡಿರಬಹುದು. ಯಾರೂ ಓದಿದ್ದನ್ನು ನೋಡಿರಲಿಲ್ಲ. ಚೆಕಿಂಗ್ ಅಕ್ಕ ಬೆರಳಿಟ್ಟು ಓದಿದರು, ಓದಿ ವೈಂಡರನ ಮುಖ ನೋಡಿದರು. ಅವನು ತಲೆಯಾಡಿಸಿದ.

ಮೂರು ತಿಂಗಳಾಗಿರಬೇಕು, ಅಡುಗೆಮನೆಯ ನಲ್ಲಿ ಸೋರತೊಡಗಿತು. ವೈಂಡರ್ ತಾನೇ ಹೊಸದು ತಂದು ಹಾಕಿಬಿಟ್ಟ. ಅಕ್ಕನಿಗೆ ಖುಷಿಯೇ ಆಯಿತು. ಆಮೇಲೆ ಬಚ್ಚಲಿನ ಬಾಗಿಲಿನ ಕೆಳಭಾಗ ನೀರು ಕುಡಿದು ಪುಡಿಯಾಗಿತ್ತು. ಅದನ್ನು ಕತ್ತರಿಸಿ ತಗಡು ಹೊಡೆದ. ಅಕ್ಕ ಮಹಡಿಗೆ ಹೋದಾಗ ಕಣ್ಣಿಗೆ ಬಿತ್ತು. ಹಾಲಿನ ಸ್ವಿಚ್ ಬೋರ್ಡು ಬದಲಾದಾಗ ಮಾತ್ರ ತಡೆಯಲಾಗಲಿಲ್ಲ.

"ಏನಪ್ಪಾ, ಬೋರ್ಡು ಯಾಕೆ ಕಿತ್ತೆ?"

"ಸುಟ್ಟಿತ್ತು ಆಂಟಿ, ಒಳಗೆ. ಮಗು ಇರೋ ಮನೆ ಅಲ್ವಾ."

"ಸರಿ. ಒಂದು ಮಾತು ಹೇಳಬಹುದಿತ್ತು."

"ಸಣ್ಣದು ಆಂಟಿ. ನಿಮಗ್ಯಾಕೆ ತೊಂದ್ರೆ ಅಂತ."

"ತೊಂದ್ರೆ ನನಗೆ. ನಿನಗೇನು ಹೋಗ್ತಿತ್ತು? ಇನ್ನು ಮೇಲೆ ಮೊಳೆ ಹೊಡೆದ್ರೂ ಕೇಳಿ ಹೊಡಿ."

ಅವತ್ತು ನನ್ನ ಅಂಗಡಿಗೆ ಬಂದು ಸ್ಟೂಲಿನ ಮೇಲೆ ಕೂತು ಬಹಳ ಹೊತ್ತು ಅದನ್ನೇ ಆಡಿದರು. ಹಾಗೆ ಮಾತಾಡುತ್ತ ಫ್ಯಾಕ್ಟರಿಯ ಟೋಕನ್ ವಿಷಯ ಬಂತು. ನಲವತ್ತು ಜನರ ಲೈನಿಗೆ ಒಂದೇ ಟೋಕನ್ ಇತ್ತಂತೆ. ಅಂಗೈಯಗಲದ ಮರದ ಬಿಲ್ಲೆ, ಸೂಪರ್‌ವೈಸರನ ಮೇಜಿನ ಹಿಂದಿನ ಮೊಳೆಗೆ ನೇತಾಡುತ್ತಿತ್ತು. ಪಾಯಿಖಾನೆಗೆ ಹೋಗಬೇಕಾದವರು ಎದ್ದು ಹೋಗಿ, "ಸಾರ್, ಟೋಕನ್" ಎಂದು ಕೇಳಿ ಕೈಚಾಚಿ ನಿಲ್ಲಬೇಕು. ಆತ ಬೇಕಾದರೆ ಕೊಡುತ್ತಿದ್ದ, ಬೇಡವಾದರೆ ಬರೆಯುತ್ತಲೇ ಇರುತ್ತಿದ್ದ.

"ಮೂವತ್ತೊಂದು ವರ್ಷ ಕೇಳಿದೀನಿ ಜೆರಾಕ್ಸಪ್ಪ, ಒಂದಕ್ಕೆ ಹೋಗೋಕೂ. ಈಗ ನನ್ನ ಮನೇಲಿ ನನ್ನನ್ನ ಯಾರಾದ್ರೂ ಒಂದು ಮಾತು ಕೇಳಲಿ ಅಂದ್ರೆ ಅದು ದುರಾಸೇನಾ?"

ನಾನು ಇಲ್ಲ ಅಂದೆ. ಇನ್ನೇನು ಅನ್ನಲಿ?

ಮುಂದಿನ ವರ್ಷ ಅಕ್ಕನ ಎರಡೂ ಕಣ್ಣಿಗೆ ಪೊರೆ ಬಂತು. ಒಂದರ ಆಪರೇಷನ್ ಆದ ಮೇಲೆ ಹನ್ನೆರಡು ದಿನ ತಮ್ಮನ ಮನೆಯಲ್ಲಿದ್ದರು. ಕಣ್ಣಿಗೆ ಪಟ್ಟಿ. ಬಗ್ಗಬಾರದು, ಒಲೆಯ ಮುಂದೆ ನಿಲ್ಲಬಾರದು, ಫೋನು ಮುಟ್ಟಬಾರದು. ಫೋನನ್ನು ತಮ್ಮನೇ ಇಟ್ಟುಕೊಂಡಿದ್ದ.

ಹದಿಮೂರನೆಯ ದಿನ ಬೆಳಿಗ್ಗೆ ಹಸಿರು ಕನ್ನಡಕ ಹಾಕಿಕೊಂಡು ಮನೆಗೆ ಬಂದರು. ಪಕ್ಕದಲ್ಲಿ ತಮ್ಮ, ಅವನ ಕೈಯಲ್ಲಿ ಬ್ಯಾಗು. ಪುಟ್ಟಿಯನ್ನು ನೋಡುವ ಆಸೆಗೆ ಮೊದಲು ಮಹಡಿ ಹತ್ತಿದರು. ಹಾಲಿಗೆ ಕಾಲಿಟ್ಟವರಿಗೆ ಅಡುಗೆಮನೆಯಲ್ಲಿ ನಿಂತಿದ್ದ ವೈಂಡರನ ಹೆಂಡತಿಯ ಮುಖ ನೇರವಾಗಿ ಕಂಡಿತು. ಹಾಲಿನಿಂದ ಅಡುಗೆಮನೆ ಕಾಣುವಂತಿರಲಿಲ್ಲ. ನಡುವೆ ಗೋಡೆಯಿತ್ತು. ಈಗ ಆ ಗೋಡೆಯಲ್ಲಿ ಸೊಂಟದ ಎತ್ತರಕ್ಕೆ ಶುರುವಾಗಿ ತಲೆಯವರೆಗೆ, ಒಂದು ಮಾರು ಅಗಲದ ಕಂಡಿ.

"ಬನ್ನಿ ಆಂಟಿ, ಕಣ್ಣು ಹೇಗಿದೆ?" ಅಂದಳು ಅವಳು, ನಗುಮುಖದಿಂದ.

ಅಕ್ಕ ನೇರ ಹೋಗಿ ಕಂಡಿಯ ಅಂಚಿನ ಮೇಲೆ ಅಂಗೈ ಆಡಿಸಿದರು. ಮೇಲೆ ಸಿಮೆಂಟಿನ ತೊಲೆ ಕೂರಿಸಿತ್ತು. ಅಂಚುಗಳನ್ನು ಗಾಜಿನಂತೆ ನುಣುಪಾಗಿ ಗಿಲಾವು ಮಾಡಿತ್ತು. ಬಣ್ಣವೂ ಹೊಂದುತ್ತಿತ್ತು. ಹೊಸದಾಗಿ ಬಂದ ದೃಷ್ಟಿಯಲ್ಲಿ ಮೂಲೆ ಮೂಲೆ ಹುಡುಕಿದೆ, ಒಂದು ತಪ್ಪೂ ಸಿಗಲಿಲ್ಲ ಎಂದು ಆಮೇಲೆ ನನ್ನೊಡನೆ ಹೇಳಿದರು. ಅದು ಅವರ ಸಿಟ್ಟನ್ನು ಹೆಚ್ಚಿಸಿತು.

ಸಂಜೆ ವೈಂಡರ್ ಕೆಳಗೆ ಬಂದ. ಅಕ್ಕ ಆಪರೇಷನ್ನಿಗೆ ಹೋದ ಎರಡನೆಯ ದಿನ ಹೆಂಡತಿ ಅಡುಗೆ ಮಾಡುತ್ತಿದ್ದಾಗ ಪುಟ್ಟಿಗೆ ಹಾಲಿನಲ್ಲಿ ಫಿಟ್ಸ್ ಬಂದು, ಮಂಚದ ಕಬ್ಬಿಣಕ್ಕೆ ಹುಬ್ಬು ಒಡೆದಿತ್ತು. ಎಷ್ಟು ಹೊತ್ತು ಹಾಗೆ ಬಿದ್ದಿತ್ತೋ ಯಾರಿಗೂ ಗೊತ್ತಿಲ್ಲ. ಅಂದಿನಿಂದ ಅವಳು ಒಲೆ ಬಿಟ್ಟು ನಿಮಿಷಕ್ಕೊಮ್ಮೆ ಹಾಲಿಗೆ ಓಡುತ್ತಿದ್ದಳು. ಅಡುಗೆ ಮಾಡುತ್ತಲೇ ಮಗು ಕಣ್ಣಿಗೆ ಬೀಳಲಿ ಎಂದು ಕಂಡಿ ತೆಗೆಸಿದ್ದು. ಇಷ್ಟನ್ನೂ ಅವನು ನಿಂತೇ ಹೇಳಿದ.

"ಅದೆಲ್ಲ ಸರಿ," ಅಂದರು ಅಕ್ಕ. "ನನ್ನನ್ನ ಯಾಕೆ ಕೇಳಲಿಲ್ಲ?"

"ಕೇಳಿದೆ ಆಂಟಿ. ನಿಮಗೆ ಫೋನ್ ಮಾಡಿದ್ದೆ. ಇವರೇ ಎತ್ತಿದ್ರು." ತಮ್ಮನ ಕಡೆ ತೋರಿಸಿದ. "ಅಕ್ಕನಿಗೆ ಕಣ್ಣಿಗೆ ಪಟ್ಟಿ ಕಟ್ಟಿದೆ, ನಾನು ಹೇಳ್ತೀನಿ, ನೀನು ಮಾಡ್ಕೋ ಅಂದ್ರು."

ತಮ್ಮ ನಕ್ಕ. "ಏನಯ್ಯಾ, ಹಾಡಹಗಲೇ ಸುಳ್ಳಾ? ನಲ್ಲಿ ಏನೋ ಸೋರ್ತಿದೆ ಅಂದೆ ನೀನು. ರಿಪೇರಿ ಮಾಡ್ಕೋ ಅಂದೆ. ಗೋಡೆ ಅಂತ ಯಾವಾಗಂದೆ?"

"ಗೋಡೆ ಅಂದೆ ಸಾರ್. ಎರಡು ಸಲ ಅಂದೆ."

"ಅಕ್ಕಾ, ನೀನೇ ನೋಡು. ಬೋರ್ಡು ಕಿತ್ತಾಗ ಕೇಳಿದ್ನಾ? ಬಾಗಿಲು ಕತ್ತರಿಸಿದಾಗ ಕೇಳಿದ್ನಾ? ಈಗ ಗೋಡೆಗೆ ಮಾತ್ರ ಕೇಳಿಬಿಟ್ನಾ?"

ಬೋರ್ಡು, ಬಾಗಿಲಿನ ಮಾತಿಗೆ ವೈಂಡರ್ ಹೌದೆಂದು ತಲೆಯಾಡಿಸಿದ. ಅದು ನಿಜವೇ ಆಗಿತ್ತಲ್ಲ.

ಮರುದಿನ ಅಕ್ಕ ಮೇಸ್ತ್ರಿಯನ್ನು ಕರೆಸಿದರು. ಅವನು ಸುತ್ತಿಗೆಯ ಹಿಡಿಯಿಂದ ಗೋಡೆ ಬಡಿದು ನೋಡಿ, "ಇದು ಬರೀ ಅಡ್ಡಗೋಡೆ ಅಕ್ಕಾ, ಮೇಲಿನ ಭಾರ ಏನೂ ಹೊತ್ತಿಲ್ಲ. ತೊಲೆ ಬೇರೆ ಕೂರಿಸಿದಾನೆ. ನಾನು ಮಾಡಿದ್ರೂ ಇಷ್ಟೇ. ಭಯ ಬೇಡ" ಅಂದ.

"ಭಯ ಯಾರಿಗೆ?" ಅಂದರಂತೆ ಅಕ್ಕ.

ಅಲ್ಲಿಗೆ ಮುಗಿಯಬಹುದಿತ್ತು. ವೈಂಡರ್ ಇನ್ನೊಂದು ಮಾತೂ ಹೇಳಿದ್ದ: "ನಾವು ಖಾಲಿ ಮಾಡುವಾಗ ಇದ್ದ ಹಾಗೇ ಮುಚ್ಚಿ ಕೊಡ್ತೀನಿ, ಬೇಕಾದ್ರೆ ಬರೆದು ಕೊಡ್ತೀನಿ." ಅಕ್ಕ ಆ ಮಾತಿಗೆ ಒಂದು ಕ್ಷಣ ಕರಗಿದರೂ ಕರಗಿದರು. ನನ್ನ ಅಂಗಡಿಗೆ ಬಂದು, "ಒಂದು ಕಾಗದ ಹೊಡಿ. ಸಹಿ ಹಾಕಲಿ. ಇರಲಿ" ಅಂದರು. ಅವರು ಹೇಳಿದಂತೆ ಹೊಡೆದೆ. ಮಾಲೀಕರನ್ನು ಕೇಳದೆ ಗೋಡೆ ಒಡೆದಿದ್ದೇನೆ, ನನ್ನಿಂದ ತಪ್ಪಾಗಿದೆ, ಖಾಲಿ ಮಾಡುವಾಗ ಸರಿಪಡಿಸಿ ಕೊಡುತ್ತೇನೆ. ಮೂರೇ ಸಾಲು.

ವೈಂಡರ್ ಕೆಲಸದಿಂದ ನೇರವಾಗಿ ಬಂದ, ಕೈಗೆಲ್ಲ ವಾರ್ನಿಷಿನ ವಾಸನೆ. ಕಾಗದ ಮುಟ್ಟುವ ಮುಂಚೆ ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡ. ನಿಧಾನವಾಗಿ ಓದಿದ. ಓದಿ ನನ್ನ ಕಡೆ ತಿರುಗಿದ, ಅಕ್ಕನ ಕಡೆಗಲ್ಲ.

"ಸಾರ್, 'ಕೇಳದೆ' ಅನ್ನೋದೊಂದು ತೆಗೀರಿ. 'ತಪ್ಪಾಗಿದೆ' ಇರಲಿ. ಸಹಿ ಹಾಕ್ತೀನಿ."

"ಅದನ್ನ ತೆಗೆದ್ರೆ ಇನ್ನೇನು ಉಳೀತು?" ಅಂದರು ಅಕ್ಕ.

"ಕೇಳಿದೀನಿ ಆಂಟಿ. ಕೇಳಲಿಲ್ಲ ಅಂತ ಹೇಗೆ ಬರೆದು ಕೊಡ್ಲಿ? ಬೋರ್ಡಿಗೆ ಕೇಳಿರಲಿಲ್ಲ, ಬಾಗಿಲಿಗೆ ಕೇಳಿರಲಿಲ್ಲ. ಅವೆರಡೂ ಬರೀರಿ. ಇದಕ್ಕೆ ಕೇಳಿದೀನಿ. ನಿಮ್ಮ ಫೋನ್ ನೋಡಿ, ನಾನು ಮಾಡಿದ ಕಾಲ್ ಇರುತ್ತೆ. ಹನ್ನೊಂದು ನಿಮಿಷ ಮಾತಾಡಿದೀವಿ. ನಲ್ಲಿ ವಿಷಯ ಹನ್ನೊಂದು ನಿಮಿಷ ಯಾರು ಮಾತಾಡ್ತಾರೆ?"

ನಾನು ಕೈಚಾಚಿದೆ. "ಕೊಡಿ ಅಕ್ಕಾ, ನೋಡೇ ಬಿಡೋಣ. ಎರಡು ನಿಮಿಷದ ಕೆಲಸ."

ಅಕ್ಕನ ಕೈ ಪರ್ಸಿನವರೆಗೆ ಹೋಯಿತು. ಜಿಪ್ಪಿನ ಮೇಲೆ ನಿಂತಿತು. "ಬೇಡ," ಅಂದರು. "ನನ್ನ ಒಡಹುಟ್ಟಿದವನ ಮೇಲೆ ನಾನೇ ಪೊಲೀಸ್ ಆಗ್ಲಾ?"

ನಾನು ಕೈ ಹಿಂದಕ್ಕೆ ತೆಗೆದುಕೊಂಡೆ. ಆ ಕೈಯನ್ನು ಇನ್ನೂ ಸ್ವಲ್ಪ ಹೊತ್ತು ಚಾಚಿಯೇ ಇರಬಹುದಿತ್ತು.

ವೈಂಡರ್ ಕಾಗದವನ್ನು ಮಡಿಸದೆ, ಸುಕ್ಕು ಮಾಡದೆ ಮೇಜಿನ ಮೇಲಿಟ್ಟು ಹೋದ.

ಮರುದಿನ ತಮ್ಮನೇ ಬಂದು ನೋಟಿಸು ಬರೆಸಿದ. ಎಂಟು ದಿನದೊಳಗೆ ಗೋಡೆಯನ್ನು ಮೊದಲಿನಂತೆ ಮಾಡಬೇಕು, ತಿಂಗಳೊಳಗೆ ಮನೆ ಖಾಲಿ ಮಾಡಬೇಕು. "ಸ್ವಲ್ಪ ಖಾರವಾಗಿರ್ಲಿ" ಅಂದ. ನಾನು ಕರಾರಿನ ಸಾಲನ್ನು ಎತ್ತಿ ಬರೆದೆ, ಅಷ್ಟೇ. ಅಕ್ಕ ಓದದೆ ಸಹಿ ಹಾಕಿದರು. ಅವರು ಓದದೆ ಸಹಿ ಹಾಕಿದ ಕಾಗದವನ್ನು ನಾನು ನೋಡಿದ್ದು ಅದೊಂದೇ.

ಭಾನುವಾರ ವೈಂಡರ್ ತಾನೇ ಇಟ್ಟಿಗೆ ತಂದ. ಹೆಂಡತಿ ಸಿಮೆಂಟು ಕಲಸಿ ಕೊಟ್ಟಳು. ಮಧ್ಯಾಹ್ನದ ಹೊತ್ತಿಗೆ ಕಂಡಿ ಮುಚ್ಚಿತು. ಅಕ್ಕ ಹೋಗಿ ನೋಡಿದರು. ಅಲ್ಲೂ ಏನೂ ತಪ್ಪಿರಲಿಲ್ಲ. ಗೋಡೆಗೆ ಬೆನ್ನು ಹಾಕಿ ಕೂತು ಬೊಂಬೆ ಆಡಿಸುತ್ತಿದ್ದ ಪುಟ್ಟಿ, "ಅಜ್ಜಿ, ಅಮ್ಮನ ಕಿಟಕಿ ಹೋಯ್ತು" ಅಂದಿತಂತೆ.

ಇನ್ನು ಖಾಲಿ ಮಾಡಲು ಮೂರು ವಾರವಿತ್ತು. ಒಂದು ಬೆಳಿಗ್ಗೆ ಹತ್ತು ಗಂಟೆಯ ಸುಮಾರು ಅಕ್ಕ ಕೆಳಗೆ ಕಣ್ಣಿಗೆ ಔಷಧಿ ಬಿಟ್ಟುಕೊಂಡು ಮಲಗಿದ್ದರು. ನೆತ್ತಿಯ ಮೇಲೆ ತಾರಸಿಯಲ್ಲಿ ದಡದಡ ಸದ್ದು. ಯಾರೋ ಹಿಮ್ಮಡಿಯಿಂದ ನೆಲಕ್ಕೆ ಹೊಡೆದಂತೆ, ಒಂದೇ ಸಮನೆ. ಮಗು ಕುಣಿಯುತ್ತಿದೆ ಎಂದುಕೊಂಡರು. ಸದ್ದು ನಿಲ್ಲಲಿಲ್ಲ. ಅದರ ಜೊತೆಗೇ ಮಿಕ್ಸರಿನ ಅರಚಾಟ. ಆಗ ಅವರಿಗೆ ಹೊಳೆಯಿತು. ಬರಿಗಾಲಲ್ಲಿ, ಔಷಧಿಗೆ ಮಂಜಾದ ಕಣ್ಣಲ್ಲಿ, ಕಂಬಿ ಹಿಡಿದು ಮೆಟ್ಟಿಲು ಹತ್ತಿದರು.

ಮಗು ಹಾಲಿನ ನಡುವೆ ಬಿದ್ದಿತ್ತು. ಬಾಯಲ್ಲಿ ನೊರೆ, ನೊರೆಯಲ್ಲಿ ರಕ್ತ. ಅಕ್ಕ ಅದನ್ನು ಮಗ್ಗುಲಿಗೆ ಹೊರಳಿಸಿ ತಲೆಯ ಕೆಳಗೆ ತಮ್ಮ ಸೆರಗನ್ನು ಮುದುರಿ ಇಟ್ಟರು. "ಏ ಅಮ್ಮಾ, ಬಾರೇ!" ಎಂದು ಕೂಗಿದರು. ಮಿಕ್ಸರಿನಲ್ಲಿ ಕೇಳಿಸಲಿಲ್ಲ. ಮತ್ತೆ ಕೂಗಿದರು. ಗೋಡೆಯ ಆಚೆ ಅವಳು, ಈಚೆ ಇವರು. ಕೊನೆಗೆ ಕೈಗೆ ಸಿಕ್ಕಿದ ಸ್ಟೀಲಿನ ಲೋಟದಿಂದ ಆ ಹೊಸ ಗೋಡೆಗೆ ಬಡಿದರು.

ಮಿಕ್ಸರು ನಿಂತಿತು. ಅವಳು ಓಡಿ ಬಂದಳು, ಒದ್ದೆ ಕೈ, ನೋಡಿದಳು. ಕಿರುಚಲಿಲ್ಲ. ಕೂತು ಮಗುವನ್ನು ಅಕ್ಕನ ಕೈಯಿಂದ ತನ್ನ ತೊಡೆಗೆ ಎಳೆದುಕೊಂಡಳು. ಮುಂದಿನ ಹಲ್ಲೊಂದು ಮುರಿದಿತ್ತು. ನಾಲಿಗೆ ಕಚ್ಚಿಕೊಂಡಿತ್ತು. ಸ್ವಲ್ಪ ಹೊತ್ತಿಗೆ ಕಾಲುಗಳು ಸಡಿಲವಾದವು, ಉಸಿರು ತಿಳಿಯಾಯಿತು.

"ಆಸ್ಪತ್ರೆಗೆ ಆಟೋ ಕರೀಲಾ?" ಅಂದರು ಅಕ್ಕ.

"ನೀವು ಹೋಗಿ ಆಂಟಿ."

"ನಾನು ಬರ್ತೀನಿ ಜೊತೆಗೆ..."

"ಹೋಗಿ." ಅವಳು ತಲೆಯೆತ್ತಲೇ ಇಲ್ಲ.

ಮೂರು ವಾರ ಕಾಯದೆ ಆ ವಾರದಲ್ಲೇ ಅವರು ಖಾಲಿ ಮಾಡಿದರು. ಗಾಡಿ ತುಂಬುವಾಗ ಅಕ್ಕ ಬಾಗಿಲ ಹಿಂದೆ ನಿಂತಿದ್ದರು. ವೈಂಡರ್ ಬೀಗದ ಕೈಯನ್ನು ಕಿಟಕಿಯ ಕಟ್ಟೆಯ ಮೇಲಿಟ್ಟು, "ಇಟ್ಟಿದೀನಿ ಆಂಟಿ" ಎಂದಷ್ಟೇ ಹೇಳಿ ಹೋದ. ಗೋಡೆ ಒಡೆಯುವ ಬಾಡಿಗೆದಾರ ಎಂದು ಸುತ್ತಮುತ್ತ ಸುದ್ದಿಯಾಗಿತ್ತು. ಹೇಳಿಕೊಂಡು ತಿರುಗಿದವನು ತಮ್ಮ. ನಮ್ಮ ಕಡೆ ಅವರಿಗೆ ಮನೆ ಸಿಗಲಿಲ್ಲ. ಎಲ್ಲೋ ದೂರ ಹೋದರು.

ಒಂದೂವರೆ ತಿಂಗಳು ಮಹಡಿ ಖಾಲಿ ಇತ್ತು. ಆಮೇಲೆ ತಮ್ಮ ಬಂದ. ಅವನಿದ್ದ ಬಾಡಿಗೆ ಮನೆಯನ್ನು ಅದರ ಮಾಲೀಕ ಮಾರುತ್ತಿದ್ದಾನಂತೆ. ಮಗಳ ಕಾಲೇಜಿಗೂ ಇಲ್ಲಿಂದ ಹತ್ತಿರವಂತೆ. "ಸ್ವಲ್ಪ ದಿನ ಅಕ್ಕಾ, ಬೇರೆ ಸಿಗೋವರೆಗೆ" ಅಂದ. ಅಕ್ಕನ ಮುಖದಲ್ಲಿ ಬೆಳಕು ಬಂತು. ಮನೆಯಲ್ಲಿ ತನ್ನವರು ಇರುತ್ತಾರಲ್ಲ ಎಂದು ನೆಲ ತಿಕ್ಕಿಸಿದರು, ಹೊಸ ಬಲ್ಬು ಹಾಕಿಸಿದರು.

ಬಂದ ಹತ್ತನೆಯ ದಿನಕ್ಕೆ ಮಹಡಿಯಲ್ಲಿ ಸುತ್ತಿಗೆ ಸದ್ದು. ಅಕ್ಕ ಹೋಗಿ ನೋಡಿದರೆ ಇಬ್ಬರು ಕೂಲಿಯವರು ಅಡುಗೆಮನೆಯ ಅಡ್ಡಗೋಡೆಯನ್ನು ಬುಡದಿಂದಲೇ ಕೆಡವುತ್ತಿದ್ದರು. ಮೂಗಿಗೆ ಕರವಸ್ತ್ರ ಹಿಡಿದು ತಮ್ಮ ಉಸ್ತುವಾರಿ ನಡೆಸುತ್ತಿದ್ದ.

"ಏನೋ ಇದು?"

"ಹಾಲು ಚಿಕ್ಕದಾಯ್ತು ಅಕ್ಕಾ. ಸೋಫಾ ಹಿಡಿಸ್ತಿಲ್ಲ."

"ನನಗೊಂದು ಮಾತು?"

"ನಿನ್ನ ಕೇಳೋದೇನು, ನಮ್ಮನೆ ತಾನೆ!" ಅಂದು ನಕ್ಕ. ಅದೇ ನಗು.

ಅಕ್ಕ ಕೆಳಗೆ ಬಂದು ಕೂತರು. ಕೋಪಕ್ಕಿಂತ ನಾಚಿಕೆಯಾಯಿತಂತೆ, ಯಾಕೆಂದು ಆಗ ಗೊತ್ತಾಗಲಿಲ್ಲವಂತೆ. ಆಮೇಲೆ ಬಚ್ಚಲಿನ ಕೊಳವೆ ಬದಲಾಯಿತು. ಅದನ್ನು ಸರಿಯಾಗಿ ಜೋಡಿಸಲಿಲ್ಲ. ಅಕ್ಕನ ಮಲಗುವ ಕೋಣೆಯ ತಾರಸಿಯಲ್ಲಿ ತಟ್ಟೆಯಗಲದ ತೇವ ಮೂಡಿತು, ಮೊರದಷ್ಟಾಯಿತು, ಸುಣ್ಣ ಉದುರತೊಡಗಿತು. ಹೇಳಿದರೆ "ಮಾಡಿಸೋಣ ಅಕ್ಕಾ" ಅನ್ನುತ್ತಿದ್ದ. ಅಕ್ಕ ಮಂಚವನ್ನು ಎಳೆದುಕೊಂಡು ಹಾಲಿಗೆ ಬಂದರು.

ಗುಟ್ಟು ಹೊರಬಿದ್ದದ್ದು ಗಂಡ ಹೆಂಡಿರ ಜಗಳದಲ್ಲಿ. ತಮ್ಮ ಯಾವುದೋ ಗಾಡಿ ವ್ಯವಹಾರದಲ್ಲಿ ಹೆಂಡತಿಗೆ ಸುಳ್ಳು ಹೇಳಿ ಸಿಕ್ಕಿಬಿದ್ದಿದ್ದ. ಅವಳು ಅಳುತ್ತಾ ಕೆಳಗಿಳಿದು ಬಂದು ಅಕ್ಕನ ಎದುರು ಕೂತು ಗಂಡನ ಬಂಡವಾಳ ಬಿಚ್ಚಿದಳು.

"ಇವರ ಬಾಯಲ್ಲಿ ನಿಜ ಬರುತ್ತಾ ಅತ್ತಿಗೆ? ಆ ವೈಂಡಿಂಗ್‌ನವನು ಫೋನ್ ಮಾಡಿದಾಗ ನಾನು ಪಕ್ಕದಲ್ಲೇ ಇದ್ದೆ. ಪಾಪ, ಮಗು ಬೀಳುತ್ತೆ, ಗೋಡೆಗೆ ಕಂಡಿ ಮಾಡ್ಲಾ, ಆಂಟೀನ ಒಂದು ಮಾತು ಕೇಳಿ ಅಂತ ಗೋಗರೀತಿದ್ದ. ಆಗ್ಲಿ ಮಾಡ್ಕೋ ಅಂದು ಫೋನ್ ಇಟ್ಟು ಇವರು ನನ್ನ ಹತ್ರ ಏನಂದ್ರು ಗೊತ್ತಾ? ಒಡೀಲಿ ಬಿಡು, ಖಾಲಿ ಮಾಡಿಸೋಕೆ ಒಂದು ನೆಪ ಸಿಗುತ್ತೆ ಅಂದ್ರು."

"ಅವತ್ತೇ ನನಗೆ ಯಾಕೆ ಹೇಳಲಿಲ್ಲ ನೀನು?"

ಅವಳು ಮೂಗು ಒರೆಸಿಕೊಂಡಳು. "ನನಗೂ ಮನೆ ಬೇಕಿತ್ತಲ್ಲ ಅತ್ತಿಗೆ."

ಆ ಮಧ್ಯಾಹ್ನ ಅಕ್ಕ ನನ್ನ ಅಂಗಡಿಗೆ ಬಂದು ಸ್ಟೂಲಿನ ಮೇಲೆ ಕೂತರು. ನಾನು ಟೀ ತರಿಸಿದೆ, ಮುಟ್ಟಲಿಲ್ಲ. ಆಮೇಲೆ ಎಲ್ಲವನ್ನೂ ಹೇಳಿದರು. ಕೊನೆಗೆ, "ನೀನು ಅವತ್ತು ಕೈಚಾಚಿದ್ದೆ" ಅಂದರು. ನಾನು ತಲೆ ತಗ್ಗಿಸಿದೆ. "ನನಗೆ ಗೊತ್ತಿತ್ತು ಜೆರಾಕ್ಸಪ್ಪ. ಪೂರ್ತಿ ಗೊತ್ತಿರಲಿಲ್ಲ, ಆದ್ರೆ ಗೊತ್ತಿತ್ತು. ಇಲ್ದಿದ್ರೆ ಫೋನ್ ಕೊಡೋಕೆ ಯಾಕೆ ಹೆದರ್ತಿದ್ದೆ?"

ಎರಡು ಕಾಗದ ಹೊಡೆಸಿದರು. ಒಂದು ತಮ್ಮನಿಗೆ ನೋಟಿಸು. ಹಳೆಯದರದೇ ನಕಲು, ಹೆಸರು ಮಾತ್ರ ಬೇರೆ. ತಮ್ಮ ಅದನ್ನು ಓದಿ, ಅಪ್ಪನ ಕಾಲದ ಪತ್ರದ ಒಂದು ಜೆರಾಕ್ಸನ್ನು ಅಕ್ಕನ ಬಾಗಿಲ ಸಂದಿಯಲ್ಲಿ ತೂರಿಸಿದ. ಆ ಜೆರಾಕ್ಸು ತೆಗೆದುಕೊಟ್ಟವನೂ ನಾನೇ. ಜಾಗ ಇಬ್ಬರದು. ವಕೀಲರೊಬ್ಬರನ್ನು ಕೇಳಿದಾಗ ವರ್ಷಗಟ್ಟಲೆ ಹಿಡಿಯುತ್ತದೆ ಅಂದರು. ಅಕ್ಕ ತಮ್ಮ ಈಗ ಒಂದೇ ಮನೆಯಲ್ಲಿ ಮೇಲೆ ಕೆಳಗೆ ಇದ್ದಾರೆ, ಮಾತಿಲ್ಲ ಕತೆಯಿಲ್ಲ.

ಇನ್ನೊಂದು ಕಾಗದ ವೈಂಡರನಿಗೆ. ಆತ ನನ್ನನ್ನು ಕೇಳಿಯೇ ಗೋಡೆಯಲ್ಲಿ ಕಂಡಿ ಮಾಡಿದ್ದ, ತಪ್ಪು ನನ್ನ ಕಡೆಯವರದು, ನನ್ನದು. ಇಷ್ಟು ಬರೆಸಿ, ಎರಡು ಸಲ ಓದಿ, ಸಹಿ ಹಾಕಿ, ಬಸ್ಸು ಹಿಡಿದು ಅವನ ಅಂಗಡಿ ಹುಡುಕಿಕೊಂಡು ಹೋದರು.

ಅವನು ಒಂದು ದೊಡ್ಡ ಪಂಪನ್ನು ಬಿಚ್ಚಿಟ್ಟುಕೊಂಡು ಕೂತಿದ್ದನಂತೆ. ಎದ್ದು ಸ್ಟೂಲು ಕೊಟ್ಟ. ಕಾಗದ ಓದಿದ.

"ಇದನ್ನ ಈಗ ಯಾರಿಗೆ ತೋರಿಸ್ಲಿ ಆಂಟಿ?" ಅಂದ. ಕೊಂಕಿನಿಂದಲ್ಲ, ನಿಜಕ್ಕೂ ಕೇಳಿದ.

"ನಿನ್ನ ಹೆಂಡತಿಗೆ ತೋರಿಸಪ್ಪ."

"ಅವಳಿಗೆ ಗೊತ್ತೇ ಇದೆಯಲ್ಲ. ಫೋನ್ ಮಾಡುವಾಗ ಪಕ್ಕದಲ್ಲೇ ಇದ್ಲು."

"ಮನೆ ಹೇಗಿದೆ ಈಗಿಂದು?"

"ಒಂದೇ ರೂಮು. ಒಲೆನೂ ಅಲ್ಲೇ, ಮಗುನೂ ಅಲ್ಲೇ. ಗೋಡೆ ತಾಪತ್ರಯ ಇಲ್ಲ." ಅಂದವನು ಕೈಗೆ ತಂತಿ ಎತ್ತಿಕೊಂಡ. "ತಾರಸಿ ಸೋರುತ್ತೆ. ಮಾಲೀಕರಿಗೆ ನಾಲ್ಕು ಸಲ ಹೇಳಿದೀನಿ. ನಾನಾಗಿ ಮುಟ್ಟೋಕೆ ಹೋಗಿಲ್ಲ."

ಅಕ್ಕ ಏಳುವಾಗ ಕಾಗದವನ್ನು ಹಿಂದಕ್ಕೆ ಕೊಟ್ಟ. ಇಟ್ಟುಕೋ ಅಂದರು. ಇಲ್ಲಿ ಎಣ್ಣೆ, ಹಾಳಾಗುತ್ತದೆ ಅಂದ.

ಇದಾಗಿ ಎರಡು ವರ್ಷ ಕಳೆಯಿತು. ಕಳೆದ ವಾರ ಅಕ್ಕ ಇನ್ನೊಂದು ಕಣ್ಣು ತೋರಿಸಲು ಆಸ್ಪತ್ರೆಗೆ ಹೋಗಿದ್ದರು. ರಸ್ತೆ ದಾಟಲು ನಿಂತಾಗ ಎದುರು ಬದಿಯಲ್ಲಿ ವೈಂಡರನ ಹೆಂಡತಿ. ಶಾಲೆಯ ಬಟ್ಟೆಯಲ್ಲಿದ್ದ ಪುಟ್ಟಿಯ ಕೈ ಹಿಡಿದು ನಿಂತಿದ್ದಳು. ಮಗು ಉದ್ದವಾಗಿತ್ತು. ಅದು ಅಕ್ಕನನ್ನು ಗುರುತು ಹಿಡಿದು, "ಅಜ್ಜೀ" ಎಂದು ಕೂಗಿ ಕೈ ಬೀಸಿತು. ತಾಯಿ ಈ ಕಡೆ ನೋಡಿದಳು. ಬೈಯಲಿಲ್ಲ, ಎಳೆಯಲಿಲ್ಲ. ಬಗ್ಗಿ ಮಗುವಿನ ಎತ್ತಿದ ಕೈಯನ್ನು ಮೆಲ್ಲಗೆ ಹಿಡಿದು ಕೆಳಗಿಳಿಸಿ, ಬಸ್ಸು ಬಂದ ಮೇಲೆ ಮಗಳನ್ನು ಮುಂದೆ ಬಿಟ್ಟುಕೊಂಡು ಹತ್ತಿದಳು.